ಕೊಳಚೆ ನೀರಿನ ದೀಪ

ಮನುಷ್ಯರನ್ನೆಲ್ಲ ಏಕವಚನದಲ್ಲೇ ಮಾತಾಡಿಸುತ್ತಿದ್ದ ಆ ವಿಜ್ಞಾನಿಯ ಬಾಯಿಗೆ ಬಹುವಚನ ಬರುತ್ತಿದ್ದುದು ಸೂಕ್ಷ್ಮಾಣುಜೀವಿಗಳ ವಿಷಯಕ್ಕೆ ಮಾತ್ರ. ಊರಿನ ಕೊಳಚೆ ನೀರನ್ನು ಶುದ್ಧೀಕರಿಸುವ ಘಟಕದ ಹಿಂಬದಿಯ ಕೋಣೆಯಲ್ಲಿ, ಮೊಣಕೈ ಸವೆದ ಬೂದು ಕೋಟು ತೊಟ್ಟು, ಮಗು ಮಲಗಿರುವ ಮನೆಯಲ್ಲಿ ಓಡಾಡುವಂತೆ ಸಪ್ಪಳವಿಲ್ಲದೆ ಹೆಜ್ಜೆಯಿಡುತ್ತ, "ತಡಿಯೋ, ಅವರದಿನ್ನೂ ಊಟ ಆಗಿಲ್ಲ" ಎಂದು ತನಗಿಂತ ಕಿರಿಯನಾದ ಮೇಲಧಿಕಾರಿಯನ್ನೇ ಬಾಗಿಲಲ್ಲಿ ನಿಲ್ಲಿಸಿದ ಪುಣ್ಯಾತ್ಮ.

"ನನಗೆ ಏನೇ, ಹೋಗೇ, ಆ ಹುಳಗಳಿಗೆ ಅವರು, ಇವರು! ನಾನೂ ಆ ತೊಟ್ಟಿಗೇ ಬೀಳ್ತೀನಿ, ಮರ್ಯಾದೆನಾದ್ರೂ ಸಿಗುತ್ತೆ" ಎಂದು ಹೆಂಡತಿ ನಗುತ್ತಿದ್ದರು.

ತೊಟ್ಟಿಯೊಳಗಿನ ಇಂಗಾಲದ ಬಟ್ಟೆಯ ಮೇಲೆ ಆ ಜೀವಿಗಳು ತೆಳ್ಳಗೆ ಕೆನೆಗಟ್ಟಿದಂತೆ ನೆಲೆಸಿದ್ದವು. ನೀರಿನ ಕೊಳೆಯೇ ಅವುಗಳ ಆಹಾರ. ಅದನ್ನು ತಿಂದು ಅರಗಿಸಿಕೊಳ್ಳುವಾಗ ಹುಟ್ಟುವ ಕಿಂಚಿತ್ ವಿದ್ಯುತ್ತು ತಂತಿಗುಂಟ ಹರಿದು ಮೇಜಿನ ಮೇಲಿನ ಪುಟ್ಟ ದೀಪವನ್ನು ಬೆಳಗುತ್ತಿತ್ತು. ನೀರು ತಿಳಿಯಾಗಬೇಕು, ಅದರಿಂದಲೇ ಬೆಳಕೂ ಹುಟ್ಟಬೇಕು ಎಂಬ ಒಂದೇ ಹಂಬಲಕ್ಕೆ ವಿಜ್ಞಾನಿ ತಮ್ಮ ಯೌವನವನ್ನೆಲ್ಲ ಸುರಿದಿದ್ದರು.

ಕಡೆಗೊಮ್ಮೆ, ದೊಡ್ಡ ತೊಟ್ಟಿ ಕಟ್ಟಲು ಒಪ್ಪಿಗೆ ಕೊಡಬಲ್ಲವರು ನೋಡಲು ಬರುವುದೆಂದಾಯಿತು. ಅತಿಥಿಗಳು ಮೂಗು ಮುಚ್ಚಿಕೊಳ್ಳಬಾರದೆಂದು ಮೇಲಧಿಕಾರಿ ಮುಂಜಾನೆಯೇ ತೊಟ್ಟಿಗೆ ಬ್ಲೀಚಿಂಗ್ ಪುಡಿ ಹಾಕಿಸಿದ. ವಿಜ್ಞಾನಿ ಬಂದಾಗ ಎಂದಿನ ನಾತವಿರಲಿಲ್ಲ. ನೇರವಾಗಿ ಮೇಜಿನ ಬಳಿಗೆ ಧಾವಿಸಿದರು. ದೀಪ ಆರಿತ್ತು.

"ನೋಡಿ ಸಾರ್, ಒಂಚೂರೂ ವಾಸನೆ ಇಲ್ಲ" ಎಂದ ಮೇಲಧಿಕಾರಿ, ಮೆಚ್ಚುಗೆಯ ನಿರೀಕ್ಷೆಯಲ್ಲಿ.

ವಿಜ್ಞಾನಿ ಕೋಟಿನ ತೋಳನ್ನೂ ಮಡಚದೆ ತೊಟ್ಟಿಗೆ ಕೈಯಿಳಿಸಿ, ಬಟ್ಟೆಯಿಂದ ಕಳಚಿ ಬರುತ್ತಿದ್ದ ಲೋಳೆಯನ್ನು ಬೊಗಸೆಯಲ್ಲಿ ಹಿಡಿದು ನಿಂತರು. ಬಂದವರು ಆರಿದ ದೀಪ ನೋಡಿ, ಗಡಿಯಾರ ನೋಡಿಕೊಂಡು ಹೊರಟುಹೋದರು. ಯೋಜನೆ ಅಲ್ಲಿಗೆ ಮುಗಿಯಿತು.

ಮನೆಗೆ ಬಂದು, "ಹೋಗ್ಬಿಟ್ರು ಕಣೇ" ಎಂದಷ್ಟೇ ಹೇಳಿ ಕುಸಿದು ಕುಳಿತರು. ಯಾರು ಎಂದು ಹೆಂಡತಿ ಕೇಳಲಿಲ್ಲ.

"ಎಲ್ಲರೂನಾ?"

"ಎಲ್ಲರೂ."

ಆಕೆ ಬಿಸಿನೀರು ತಂದು, ಪುಡಿಯ ಉರಿಗೆ ಕೆಂಪೇರಿದ್ದ ಗಂಡನ ಕೈಗಳನ್ನು ತಾವೇ ತೊಳೆದರು.

ನಿವೃತ್ತಿಯವರೆಗೂ ಅವರು ಅದೇ ಘಟಕದಲ್ಲಿ ನೀರಿನ ಮಾದರಿಗಳನ್ನು ಪರೀಕ್ಷಿಸುತ್ತ ಉಳಿದರು. ಮತ್ತೆ ಶುರುಮಾಡಿ ಎಂದವರಿಗೆ, "ಇನ್ನೊಂದ್ಸಲ ಕಳ್ಕೊಳ್ಳೋ ತಾಕತ್ತಿಲ್ಲಪ್ಪ" ಎಂದರು.

ಬಂಧುಗಳು ತೀರಿಕೊಂಡರೆ ನಾಲ್ಕು ಜನ ಬಂದು ಪಕ್ಕದಲ್ಲಿ ಕೂರುತ್ತಾರೆ. ಅಳುವುದಕ್ಕೆ ಲೋಕದ ಅಪ್ಪಣೆಯಿರುತ್ತದೆ. ಕಣ್ಣಿಗೇ ಕಾಣದ ಜೀವಗಳ ಮೇಲೆ ಮಮತೆಯಿಟ್ಟವರ ಶೋಕಕ್ಕೆ ಆ ಭಾಗ್ಯವಿಲ್ಲ. ಯಾರೂ ಸಾವೆಂದು ಒಪ್ಪದ ಸಾವನ್ನು ಇಂಥವರು ಒಬ್ಬೊಬ್ಬರೇ ಹೊರುತ್ತಾರೆ. ದಾರಿಯಲ್ಲಿ ಸಿಕ್ಕವರು ಯಾಕೆ ಸೊರಗಿದ್ದೀರಿ ಎಂದರೆ, ಮೈಗೆ ಅಷ್ಟು ಹುಷಾರಿಲ್ಲ ಎನ್ನುತ್ತಾರೆ.