ನೂಲು ಕಟ್ಟಿ ತೆಗೆದ ಕಣಿ

ಬೋಜನ ಕೈ ನೇರ ಎಂಬುದು ಮಂಗಳೂರಿನ ಬಿಕರ್ನಕಟ್ಟೆಯ ಸುತ್ತಮುತ್ತ ಎಲ್ಲರೂ ಒಪ್ಪುವ ಮಾತು. ಮೂವತ್ತು ವರ್ಷ ಮನೆಗೋಡೆಗೆ ಬೇಕಾದ ಕೆಂಪು ಮುರಕಲ್ಲು ಕಡಿದವನು. ಯಾವ ಕೆಲಸ ಹಿಡಿದರೂ ಮೊದಲು ಎರಡು ಗೂಟ ಹೊಡೆದು ನೂಲು ಕಟ್ಟಬೇಕು, ಆಮೇಲೆಯೇ ಪಿಕ್ಕಾಸು. ಬಾಳೆಗಿಡ ನೆಡಲಿಕ್ಕೂ ನೂಲು ಕಟ್ಟುವ ಮಹಾರಾಯ ಎಂದು ಅವನ ಅಕ್ಕ ಮುದ್ದಕ್ಕ ನಗುತ್ತಿದ್ದಳು. ಕೊನೆಗೆ ಆ ನೂಲೇ ಅವಳ ದನದ ಹಟ್ಟಿಯನ್ನು ಬರಿದು ಮಾಡಿತು.

ಮುದ್ದಕ್ಕನ ಮನೆ ಇದ್ದದ್ದು ಪದವಿನ ಅಂಚಿನಲ್ಲಿ. ಪದವು ಎಂದರೆ ನೆತ್ತಿ ಚಪ್ಪಟೆಯಾದ ಗುಡ್ಡ. ಗಟ್ಟಿ ಮುರಕಲ್ಲಿನ ಹಾಸು, ಅದರ ಮೇಲೆ ಒಂದು ಗೇಣು ಕೆಂಪು ಮಣ್ಣು, ಆ ಮಣ್ಣನ್ನು ಹಿಡಿದುಕೊಂಡ ಹುಲ್ಲು. ಸುತ್ತಲೂ ಫ್ಲ್ಯಾಟುಗಳು ಎದ್ದರೂ ಆ ಜಾಗ ಮಾತ್ರ ಯಾರದೋ ಕೋರ್ಟು ತಕರಾರಿನಲ್ಲಿ ಉಳಿದುಹೋಗಿ ಅವಳ ಆರು ದನಗಳನ್ನು ಸಾಕುತ್ತಿತ್ತು. ಗಂಡ ತೀರಿದ ಮೇಲೆ ಅವಳಿಗೆ ಹಾಲಿನ ಸಂಪಾದನೆ ಕೊಟ್ಟದ್ದೂ ಅವೇ, ಮಾತಿಗೆ ಜೊತೆಯಾದದ್ದೂ ಅವೇ.

ಒಂದೇ ತೊಂದರೆಯೆಂದರೆ ಮಳೆಗಾಲದಲ್ಲಿ ಪದವಿನ ನೀರು ಹಟ್ಟಿಯ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ದನಗಳ ಗೊರಸು ಕೊಳೆಯತೊಡಗಿದಾಗ, ಐದು ವರ್ಷದ ಹಿಂದೆ, ನೀರು ಇಳಿದುಹೋಗಲು ಕಣಿ ತೆಗೆದುಕೊಡುತ್ತೇನೆಂದು ಬೋಜ ಬಂದ.

"ದನ ಇಳಿಯುವ ದಾರಿಯಲ್ಲೇ ತೆಗಿ ಮಾರಾಯ," ಎಂದಳು ಮುದ್ದಕ್ಕ. "ಅವು ಸುತ್ತು ಹಾಕಿ ಇಳೀತವೆ. ನೀರೂ ಹಾಗೇ ನಿಧಾನ ಇಳೀಲಿ."

"ದನಕ್ಕೆ ಎಂತ ಗೊತ್ತುಂಟು ಅಕ್ಕ? ನೇರ ತೆಗೆದ್ರೆ ನೀರು ಒಂದೇ ಉಸಿರಿಗೆ ಹೋಗ್ತದೆ."

ಹಟ್ಟಿಯಿಂದ ಕೆಳಗೆ ಹರಿಯುವ ತೋಡಿನವರೆಗೆ ನೂಲು ಕಟ್ಟಿದ. ಮೂರನೆಯ ದಿನ ಇಳಿಜಾರಿನಲ್ಲಿ ಮುರಕಲ್ಲು ಮುಗಿದು ಶೇಡಿ ಮಣ್ಣು ಬೆಳ್ಳಗೆ ಕಂಡಿತು. ಶೇಡಿ ಬೇಸಗೆಯಲ್ಲಿ ಗೋಡೆ, ಮಳೆಗಾಲದಲ್ಲಿ ಗಂಜಿ. ಅದು ಕಂಡಲ್ಲಿ ಪಿಕ್ಕಾಸು ಕೆಳಗಿಡಬೇಕು, ಅದರ ಮೇಲಿನ ಕೊನೆಯ ವರಸೆ ಕಲ್ಲನ್ನು ಮುಚ್ಚಳವೆಂದು ಬಿಡಬೇಕು. ಕಲ್ಲು ಕಡಿಯುತ್ತಿದ್ದ ಅಪ್ಪ ಮೊದಲ ದಿನ ಕಲಿಸಿದ ಪಾಠವೇ ಅದು. ಬೋಜ ಒಂದು ಗಳಿಗೆ ನಿಂತ. ನಿಲ್ಲಿಸಿದರೆ ನೂಲು ಬಿಟ್ಟು ಬಳಸಿಕೊಂಡು ಹೋಗಬೇಕು. ಇಷ್ಟು ಸಣ್ಣ ಕಣಿಯಿಂದ ಎಂತ ಆಗ್ತದೆ ಎಂದುಕೊಂಡು ಮತ್ತೆ ಪಿಕ್ಕಾಸು ಎತ್ತಿದ.

ಮೊದಲ ಮಳೆಗಾಲದಲ್ಲಿ ಹಟ್ಟಿಯ ಬಾಗಿಲು ಒಣಗಿಯೇ ಇತ್ತು. ಅಕ್ಕ ಬಂಗುಡೆ ಮೀನಿನ ಸಾರು ಮಾಡಿ ಬಡಿಸಿದಳು. ಎರಡನೆಯ ವರ್ಷ ಕಣಿ ಮೊಣಕಾಲಿನಷ್ಟು ಆಳವಾಯಿತು, ಮೂರನೆಯ ವರ್ಷ ಎದೆಯಷ್ಟು. ನೀರು ಒಳಗಿಂದೊಳಗೆ ಶೇಡಿಯನ್ನು ತಿನ್ನುತ್ತಾ ಹೋಯಿತು. ಮೇಲಿನ ಮುರ ಸ್ವಲ್ಪ ದಿನ ಮಾಡಿನ ಹಾಗೆ ಚಾಚಿಕೊಂಡಿದ್ದು, ಒಂದು ದಿನ ಹುಲ್ಲು ಸಮೇತ ಕುಸಿಯಿತು. ಆ ಕೊರಕಲಿಗೆ ಎಡಕ್ಕೂ ಬಲಕ್ಕೂ ಮರಿಗಳು ಹುಟ್ಟಿದವು. ಅರ್ಧ ಮೇವು ಹೋಯಿತು, ಕೆಸರೆಲ್ಲ ಕೆಳಗಿನ ಫ್ಲ್ಯಾಟಿನವರ ಅಂಗಳಕ್ಕೆ ನುಗ್ಗಿತು.

ಫ್ಲ್ಯಾಟಿನವರು ಮೀಟಿಂಗು ಕರೆದರು. ಅವರೆಲ್ಲ ಮೊನ್ನೆ ಮೊನ್ನೆ ಬಂದವರು, ಕಣಿಯ ಕಥೆ ಗೊತ್ತಿಲ್ಲ. ಕಾರ್ಯದರ್ಶಿ ಯೋಗೀಶ್, "ಬೋಜಣ್ಣ, ನೀವು ಕಲ್ಲು ಮಣ್ಣು ಗೊತ್ತಿದ್ದವರು. ದನ ತುಳಿದೇ ಹೀಗಾದದ್ದು ಅಲ್ವಾ?" ಎಂದು ಕೇಳಿದ.

"ದನ ತುಳಿದ್ರೆ ಮಣ್ಣು ಸಡಿಲ ಆಗ್ತದೆ," ಎಂದ ಬೋಜ.

ಪೂರ್ತಿ ಸುಳ್ಳೂ ಅಲ್ಲ, ಅದೇ ದೊಡ್ಡ ಪಾಪ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇವನು ದನದ ಬಾಯಿಗೆ ಒರೆಸಿದ. ಹಿಂದಿನ ಕುರ್ಚಿಯಲ್ಲಿದ್ದ ಮುದ್ದಕ್ಕ ಅವನನ್ನೇ ನೋಡಿದಳು. ಪದವಿನಲ್ಲಿ ದನ ಬಿಡಬಾರದೆಂದು ತೀರ್ಮಾನವಾಯಿತು. ಆಮೇಲೆ ಒಂದೊಂದೇ ದನ ಮಾರಿಹೋಯಿತು. ಕಳೆದ ಏಪ್ರಿಲ್‌ನಲ್ಲಿ ಕೊನೆಯದಾದ ಬೊಳ್ಳಿಯೂ ಹೋದಳು.

ಈ ಸಲ ಮಳೆ ಬಿಟ್ಟ ಮೇಲೆ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಡ್ಯಾಫ್ನಿ ಎಂಬ ಟೀಚರು ಕೊರಕಲು ನೋಡಲು ಬಂದಳು. ಮುದ್ದಕ್ಕ, ಬೋಜ ಇಬ್ಬರ ಎದುರೇ ಜಗಲಿಯಲ್ಲಿ ಎರಡು ಗ್ಲಾಸು ನೀರಿಟ್ಟು, ಒಂದಕ್ಕೆ ಬೇರು ಹಿಡಿದ ಕೆಂಪು ಮಣ್ಣಿನ ಹೆಂಟೆ, ಇನ್ನೊಂದಕ್ಕೆ ಶೇಡಿಯ ಹೆಂಟೆ ಹಾಕಿದಳು. ಕೆಂಪು ಹೆಂಟೆ ಇದ್ದ ಹಾಗೇ ಕೂತಿತು. ಚಹಾ ಆರುವುದರೊಳಗೆ ಶೇಡಿ ಕರಗಿ ತಳಕ್ಕೆ ಇಳಿಯಿತು.

"ದನ ಮೇಯ್ದ್ರೆ ಹುಲ್ಲು ಸವೀತದೆ, ನಿಜ," ಎಂದಳು ಡ್ಯಾಫ್ನಿ. "ಆದ್ರೆ ಇದು ದನದ ಕೆಲಸ ಅಲ್ಲ. ಮೇಲಿನ ಮುರ ಯಾರೋ ಕಡಿದಿದ್ದಾರೆ. ಯಾರು ಅಂತ ಗೊತ್ತುಂಟಾ ಅಮ್ಮ?"

"ಹಳೇ ಕಾಲದ್ದಿರಬೇಕು ಮೇಡಂ," ಎಂದಳು ಮುದ್ದಕ್ಕ.

ಟೀಚರು ಹೋದ ಮೇಲೆ ಬೋಜ ಶೇಡಿ ಕರಗಿದ ಗ್ಲಾಸನ್ನೇ ನೋಡುತ್ತಾ ಕೂತ. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು.

"ಅವತ್ತು ಶೇಡಿ ಕಂಡಿತ್ತು ಅಕ್ಕ. ಕಂಡೂ ಕಡಿದೆ."

"ಗೊತ್ತುಂಟು. ನಾನೂ ಅಪ್ಪನ ಮಗಳೇ ಅಲ್ವಾ? ಅವರು ಕಡಿದ ಕಲ್ಲು ಹೊತ್ತವಳು. ಅವತ್ತು ಸಂಜೆ ನಿನ್ನ ಪಿಕ್ಕಾಸಿನ ತುದಿಯಲ್ಲಿ ಬಿಳಿ ಮಣ್ಣು ನೋಡಿದ್ದೆ."

"ಮತ್ತೆ ಮೀಟಿಂಗಿನಲ್ಲಿ ಯಾಕೆ ಹೇಳ್ಲಿಲ್ಲ?"

"ಅಷ್ಟು ಜನರೆದುರು ತಮ್ಮನ ಮರ್ಯಾದೆ ತೆಗೀಲಿಕ್ಕೆ ಆಗ್ತದಾ? ನೀನೇ ಹೇಳ್ತಿ ಅಂತ ಕಾದೆ. ಬೊಳ್ಳಿಯನ್ನು ವ್ಯಾನಿಗೆ ಹತ್ತಿಸುವಾಗಲೂ ನಿನ್ನ ಮುಖ ನೋಡಿದೆ. ನೀನು ಹಗ್ಗ ಹಿಡ್ಕೊಂಡು ನಿಂತಿದ್ದಿ."

ಮರುದಿನ ಬೆಳಗ್ಗೆ ಅವನು ಕೊರಕಲಿಗೆ ಇಳಿದು, ಕುಸಿದ ಮುರಕಲ್ಲುಗಳನ್ನೇ ಹೆಕ್ಕಿ ನೀರಿಗೆ ಅಡ್ಡವಾಗಿ ಸಣ್ಣ ಕಟ್ಟ ಕಟ್ಟತೊಡಗಿದ. ನೀರನ್ನು ದನಗಳ ಹಳೆಯ ದಾರಿಗೆ ತಿರುಗಿಸಬೇಕೆಂದು ಅವನ ಲೆಕ್ಕ. ಈ ಸಲ ಗೂಟ ಹೊಡೆಯಲಿಲ್ಲ, ನೂಲು ಕಟ್ಟಲಿಲ್ಲ. ಮುದ್ದಕ್ಕ ಗಂಜಿ ತಂದು ದಡದಲ್ಲಿ ಕೂತಳು.

"ಹುಲ್ಲು ಬಂದ ಮೇಲೆ ಒಂದು ಕರು ತರುವಾ ಅಕ್ಕ," ಎಂದ ಬೋಜ.

"ಈ ಶೇಡಿಯಲ್ಲಿ ಹುಲ್ಲು ಬರುವಾಗ ನಂಗೆ ಎಷ್ಟು ವರ್ಷ ಆಗಿರ್ತದೆ ಬೋಜ?"

ಅವಳಿಗೆ ಈಗಲೇ ಎಪ್ಪತ್ತೊಂದು. ಬೋಜ ತಲೆ ತಗ್ಗಿಸಿ ಇನ್ನೊಂದು ಕಲ್ಲು ಎತ್ತಿಕೊಂಡ.