ಬಿ ಸೈಡಿನ ಮೊದಲ ಪದ

ಬಸವಂತ್ರಾಯನ ಗದ್ದ ಎರಡನೆಯ ಸಲ ಜಾರಿತು. ಗೋಡೆಗೆ ಆನಿಸಿ ಕುಳ್ಳಿರಿಸಿದ್ದ ಹೆಣದ ಮುಂದೆ ಮೊಣಕಾಲೂರಿದ ಸರದಾರಸಾಬ ಬಿಳಿ ಪಟ್ಟಿಯನ್ನು ಬಿಚ್ಚಿ, ಮತ್ತೆ ಗದ್ದದ ಕೆಳಗಿಂದ ತಂದು, ಈ ಸಲ ಗಂಟನ್ನು ನೆತ್ತಿಯ ಮೇಲೆ ಬಿಗಿದ.

“ಈಗ ನೋಡ್ರಿ, ಬಾಯಿ ಮುಚ್ಚವಲ್ಲ,” ಎಂದ. “ಇದ್ದಾಗ ನಾಕ ಮಾತಾಡೋ ಅಂದ್ರ ಒಂದ ಆಡ್ತಿದ್ದಿಲ್ಲ ನನ್ನ ದೋಸ್ತ.”

“ಮೆಲ್ಲಕ ಕಟ್ಟು ಸರದಾರಣ್ಣ, ನೋಯ್ತದ,” ಎಂದಳು ಯಂಕಮ್ಮ. ಅಂದ ಮೇಲೆ ತನ್ನ ಮಾತಿಗೆ ತಾನೇ ತುಟಿ ಕಚ್ಚಿಕೊಂಡಳು.

ಗಂಡನ ಉಸಿರು ಬೆಳಗಿನ ಜಾವ ನಿಂತಿತ್ತು. ವರ್ಷಗಟ್ಟಲೆ ದಮ್ಮು ಅವನನ್ನು ಜಗ್ಗಾಡಿತ್ತು. ಅವನ ಎದೆಯೊಳಗೆ ಕುಲುಮೆಯ ತಿದಿ ಒತ್ತಿದಂಥ ಸದ್ದು; ಆ ಸದ್ದಿನ ಜೊತೆ ಪಕ್ಕದಲ್ಲಿ ಮಲಗಿದ ಇವಳ ಎದೆಯೂ ಏರಿ ಇಳಿಯುವುದು. ಸದ್ದು ನಿಂತಾಗ ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಒಂದು ತುಂಬು ಉಸಿರು. ಸದ್ಯ, ಬಿಡುಗಡೆಯಾಯಿತು ನಿನಗೆ, ಅಂದುಕೊಂಡಿದ್ದಳು. ಅಳು ಬಂದಿರಲಿಲ್ಲ. ಈಗಲೂ ಬರುತ್ತಿರಲಿಲ್ಲ. ಏಕೆಂದರೆ ಅವಳ ಕಣ್ಣು ಹೆಣದ ಮೇಲಿರದೆ ಎದುರುಮನೆಯ ಕಟ್ಟೆಯ ಮೇಲಿತ್ತು.

ಕಟ್ಟೆಯ ಮೇಲೆ ಭಗವಂತರಾಯ ಕುಳಿತಿದ್ದ. ಸತ್ತವನ ಒಡಹುಟ್ಟಿದ ಅಣ್ಣ, ಓಣಿಯ ಭಜನಾ ಮೇಳಕ್ಕೆ ಹಿರಿಯ. ಪಕ್ಕದಲ್ಲಿ ಹಾರ್ಮೋನಿಯಂ ಪೆಟ್ಟಿಗೆ ಇತ್ತು. ಮೇಲೆ ಹೊದಿಸಿದ ಬಟ್ಟೆಯನ್ನು ತೆಗೆದಿರಲಿಲ್ಲ. ಕೆಂಭಾವಿಯ ಆ ಓಣಿಯಲ್ಲಿ ಹೆಣವನ್ನು ಕುಳ್ಳಿರಿಸಿ ಭಜನೆ ಮಾಡುತ್ತಾರೆ. ಕಡೆಗೆ ‘ಎಬ್ಬಿಸುವ ಪದ’ ಅಂತ ಒಂದುಂಟು. ಅದು ಶುರುವಾದ ಮೇಲೆಯೇ ಹೆಣ ಎತ್ತುವುದು, ಅದರ ಹೆಜ್ಜೆಗೇ ಹೊರುವುದು. ಎಂಥ ದಿಕ್ಕಿಲ್ಲದವ ಸತ್ತರೂ, ಎಂಥ ಜಗಳಗಂಟ ಸತ್ತರೂ ಆ ಪದ ತಪ್ಪಿದ್ದಿಲ್ಲ. ಅದನ್ನು ಓಣಿಗೆ ಕಲಿಸಿದವನು ಈ ಅಣ್ಣತಮ್ಮಂದಿರ ಅಪ್ಪ. ಈಗ ಅದನ್ನು ಎತ್ತಿಕೊಡಬಲ್ಲವನು ಭಗವಂತರಾಯ ಒಬ್ಬನೇ.

ಮೇಳದಲ್ಲಿ ತಾಳ ಹಾಕುವ ಬಾಲರಾಜ ಕಟ್ಟೆಯ ಹತ್ತಿರ ಹೋಗಿ ಮಾತಾಡಿ, ತಲೆ ಕೆಳಗೆ ಹಾಕಿಕೊಂಡು ಬಂದ.

“ಯಂಕಮ್ಮತ್ತಿ, ‘ನನ್ನ ತಮ್ಮಗ ಹೆಗಲು ಕೊಡ್ತೀನಿ, ದನಿ ಕೊಡಂಗಿಲ್ಲ’ ಅಂದ್ರು.”

“ಇವತ್ತಿನ ದಿನಾನೂ ಹಟಾನ?” ಎಂದಳು ಮಗಳು ದೇವಿಕಾ. ಶಹಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದಳು. ಅತ್ತು ಅತ್ತು ದನಿ ಒಡೆದಿತ್ತು. “ಅದೊಂದು ಹಾಳ ಕ್ಯಾಸೆಟ್ಟಿನ ಸಂಬಂಧ?”

“ಅದ ಕ್ಯಾಸೆಟ್ಟಿನ ಸಂಬಂಧ,” ಎಂದ ಬಾಲರಾಜ.

*

ಬಸವಂತ್ರಾಯ ಊರಿಗೆ ನೀರು ಬಿಡುವ ಕೆಲಸದವನು. ಮಬ್ಬು ಹರಿಯುವ ಮುಂಚೆ ಬ್ಯಾಟರಿ ಬೆಳಕು ಹಿಡಿದು ಹೋಗಿ ಓಣಿಯಿಂದ ಓಣಿಗೆ ನೀರಿನ ನಳದ ವಾಲು ತಿರುಗಿಸುವನು. ಉಳಿದ ಹೊತ್ತು ಅವನ ತೊಡೆಯ ಮೇಲೆ ಬೆಂಜೋ. ಸುಮ್ಮನೆ ಬೆಂಜೋ ಅಲ್ಲ, ತಂತಿ ಜೋಡಿಸಿ ಕರೆಂಟಿನ ಡಬ್ಬಿಗೆ ಹಚ್ಚಿದ್ದು. ಮೀಟಿದರೆ ಸಂತೆಯ ಆ ತುದಿಗೆ ಕೇಳುವಂಥದ್ದು. ತತ್ವಪದಕ್ಕೂ ಬಂಡಿ ಹೊಡೆಯುವವರ ಹಾಡಿಗೂ ಅದನ್ನು ಕೂಡಿಸಿ, ಗಾದಿ ಹೊಲಿಯುವ ಸರದಾರಸಾಬನ ಕೈಗೆ ಢೋಲಕಿ ಕೊಟ್ಟು, ಇಬ್ಬರೂ ಯಾದಗಿರಿಗೆ ಹೋಗಿ ಒಂದು ಕ್ಯಾಸೆಟ್ ತುಂಬಿಸಿ ಬಂದರು. ‘ಬಂಡಿ ಹಾದಿ’ ಅಂತ ಹೆಸರು. ದೇವಿಕಾ ಆಗ ಒಂದನೇ ತರಗತಿ.

ಕ್ಯಾಸೆಟ್ ಬಂದ ದಿನ ಓಣಿಯೆಲ್ಲ ಅಂಗಳದಲ್ಲಿ ನೆರೆಯಿತು. ಎ ಸೈಡಿನಲ್ಲಿ ಬಂಡಿಯ ಹಾಡುಗಳು. ಬೆಂಜೋ ಏರಿದಾಗ ಮಂದಿ ಸಿಳ್ಳು ಹಾಕಿದರು. ಭಗವಂತರಾಯನೂ ಮೀಸೆಯಲ್ಲಿ ನಕ್ಕ. “ಕರೆಂಟಿನ ವಾದ್ಯ ಆದ್ರೂ ತಮ್ಮನ ಕೈ ತಮ್ಮಂದ ಅದ,” ಎಂದ.

ಆಮೇಲೆ ಸೈಡು ಮಗುಚಿದರು. ಮೊದಲನೆಯದೇ ಎಬ್ಬಿಸುವ ಪದ.

ಅಣ್ಣತಮ್ಮಂದಿರ ಅಪ್ಪ ಹಾಡುತ್ತಿದ್ದರೆ ಒಂದು ಸಾಲಿಗೂ ಇನ್ನೊಂದಕ್ಕೂ ನಡುವೆ ಹೊತ್ತವರು ಒಂದು ಹೆಜ್ಜೆ ಇಟ್ಟು, ನಿಂತು, ಉಸಿರು ತೆಗೆದುಕೊಳ್ಳುವಷ್ಟು ಬಯಲಿರುತ್ತಿತ್ತು. ಟೇಪಿನಿಂದ ಬಂದ ಪದ ನಾಯಿ ಬೆನ್ನು ಹತ್ತಿದವನ ಹಾಗೆ ಓಡಿತು. ಮುಂದಮುಂದಕ್ಕೆ ಹೋದಂತೆ ಇನ್ನಷ್ಟು ಓಡಿತು. ದನಿಯೋ, ಹೆಣ್ಣುಹುಡುಗಿಯ ದನಿಯ ಹಾಗೆ ಸಣ್ಣಗೆ. ಯಾರೋ ಕಿಸಕ್ಕನೆ ನಕ್ಕರು. ನಗು ಅಂಗಳವನ್ನೆಲ್ಲ ಸುತ್ತಿತು.

ಭಗವಂತರಾಯ ಎದ್ದು ನಿಂತ. “ಅಪ್ಪನ ಪದ ಓಡಿಸಿದೆಲ್ಲೋ, ತಮ್ಮಾ. ಇದರ ಮುಂದ ಹೆಣ ಹೊತ್ತವ್ರು ಓಡಬೇಕೇನು?”

ಬಸವಂತ್ರಾಯ ಟೇಪು ಬಂದ್ ಮಾಡಿ ಒಳಗೆ ಹೋದ. ಮರುದಿನ ರೊಟ್ಟಿ ಮುರಿಯುತ್ತ ಹೆಂಡತಿಗೆ ಮಾತ್ರ ಹೇಳಿದ: “ನಿಧಾನನ ಹಾಡೀನಿ ಅಂತ ತಿಳಿದಿದ್ನಿ, ಯಂಕೀ. ಅಪ್ಪ ಮುಂದ ಕುಂತಾನ ಅಂತನ ತಿಳಕೊಂಡು ಹಾಡಿದ್ನಿ. ಅಂಜಿ ಓಡಿಸೀನಿ ಕಾಣ್ತದ, ನನಗ ಗೊತ್ತಾಗಿಲ್ಲ. ಮಷಿನ್ ಸುಳ್ಳು ಹೇಳ್ತದೇನು?”

ಅವತ್ತಿನಿಂದ ಬೆಂಜೋ ಅಟ್ಟ ಏರಿತು. ನಾಲ್ಕು ಮಂದಿಯ ಎದುರು ಅವನು ಮತ್ತೆ ಹಾಡಲಿಲ್ಲ. ಸ್ನಾನದ ಹೊತ್ತಿಗೆ ಗುನುಗುವುದೂ ನಿಂತಿತು. ಬರೀ ವಾಲು ತಿರುಗಿಸಿಕೊಂಡು ಉಳಿದ. ಬೈದವರನ್ನು ಮರೆಯಬಹುದು, ತನ್ನ ಕಿವಿಯನ್ನೇ ನಂಬದೆ ಬದುಕುವುದು ಹೇಗೆ ಅಂತ ಯಂಕಮ್ಮ ಅವನ ಬೆನ್ನು ನೋಡುತ್ತ ಎಷ್ಟೋ ಸಲ ಯೋಚಿಸಿದ್ದಳು.

*

ಬಿಸಿಲು ಬೇವಿನ ಮರ ದಾಟಿ ಆಚೆ ಹೋಯಿತು. ಹೆಣ ಹೂಳುವ ಕುಣಿ ತಯಾರಾಗಿದೆ ಅಂತ ಹೇಳಿ ಕಳಿಸಿದ್ದರು. ಭಜನೆಯಿಲ್ಲದ ಅಂಗಳದಲ್ಲಿ ಮಂದಿ ಸುಮ್ಮನೆ ಎಷ್ಟು ಹೊತ್ತು ಕುಳಿತಾರು? ಮಾತು ಕ್ಯಾಸೆಟ್ಟಿಗೇ ಹೋಯಿತು.

“ಎ ಸೈಡ್ ಅಷ್ಟ ಕೇಳೂವಂಥದ್ದು ಬಿಡ್ರಿ,” ಎಂದ ಬಾಲರಾಜ. “ಎತ್ತಿನ ಗೆಜ್ಜಿ, ಬೆಂಜೋ, ಢೋಲಕಿ ಎಲ್ಲಾ ಒಂದರಾಗ ಒಂದು ಕೂಡ್ಯಾವ. ಬಿ ಸೈಡ್ ತುಂಬಿಸದ ಬಂದಿದ್ರ ಬಸವಂತ್ರಾಯ ಕಾಕಾ ಇವತ್ತಿಗೂ ಹಾಡ್ತಿದ್ರು.”

“ಬಿ ಸೈಡಿನ ಮಜಾ ನಿನಗೇನ್ ಗೊತ್ತು?” ಆಟೋ ಹೊಡೆಯುವ ನವಾಜ್ ಬಾಗಿಲ ಕಂಬಕ್ಕೆ ಒರಗಿದ್ದ. ಅವನು ಸರದಾರಸಾಬನ ಮಗ. “ಸುರಪುರ ರೋಡಿನ್ಯಾಗ ಖಾಲಿ ಗಾಡಿ ಬರೂ ಮುಂದ ಹಚ್ಚಬೇಕು. ಗಾಡಿ ತಾನ ಹಾರ್ತದ. ಮದಿವ್ಯಾಗ ಹುಡುಗ್ರು ಅದಕ್ಕ ಕುಣಿದಾರ, ಗೊತ್ತದ ಇಲ್ಲ?”

“ಹೆಣ ಎತ್ತೂ ಪದಕ್ಕ ಮದಿವ್ಯಾಗ ಕುಣೀತಾರ, ನಿನ್ನ ಮಾರಿಗಿಷ್ಟು,” ಎಂದಳು ಅವನ ತಾಯಿ ಖಾಜಾಬೀ. “ನಾ ಹೇಳ್ತೀನಿ ಕೇಳ್ರಿ. ರೊಟ್ಟಿ ಬಡಿಯಾಕ ಎ ಸೈಡ್. ತಾಳಕ್ಕ ಸರಿಯಾಗಿ ಕೈ ಬೀಳ್ತದ, ರೊಟ್ಟಿ ದುಂಡಗ ಬರ್ತಾವ. ಬಿ ಸೈಡ್ ಹಚ್ಚಿದ ದಿನ ಎಲ್ಲಾ ಹರದಾವ. ಖುದಾ ಕಸಮ್!”

ಹೆಣದ ಮುಂದೆ ನಗಬಾರದೆಂದು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ದೇವಿಕಾ ಮಾತ್ರ ನಗಲಿಲ್ಲ. “ನಿಮಗೆಲ್ಲ ಚೇಷ್ಟಿ. ಸಾಲ್ಯಾಗ ನನ್ನ ‘ಓಡೂ ಹೆಣದ ಮಗಳು’ ಅಂತಿದ್ರು. ಅಳಕೋತ ಬರ್ತಿದ್ನಿ. ಅಪ್ಪ ಕಣ್ಣು ಒರಸ್ತಿದ್ದ, ‘ತಪ್ಪ ನಂದ ಅದ ಮಗಳ, ಅವ್ರನ ಬೈಬ್ಯಾಡ’ ಅಂತಿದ್ದ.”

ಯಂಕಮ್ಮ ಎದ್ದಳು. ಸೆರಗು ಸರಿ ಮಾಡಿಕೊಂಡು ಅಂಗಳ ಇಳಿದು, ಹಾದಿ ದಾಟಿ, ಕಟ್ಟೆಯ ಮುಂದೆ ನಿಂತಳು. ಮದುವೆಯಾಗಿ ಬಂದಾಗಿನಿಂದ ಗಂಡನ ಅಣ್ಣನ ಮುಖ ನೋಡಿ ಮಾತಾಡಿದವಳಲ್ಲ. ಇವತ್ತು ನೋಡಿದಳು.

“ಭಾವಾರ, ನಿಮ್ಮ ತಮ್ಮ ಒಮ್ಮಿ ತಪ್ಪಿದ. ಅದಕ್ಕ ಜಲ್ಮಪೂರ್ತಿ ಬಾಯಿ ಹೊಲಕೊಂಡ. ಇನ್ನ ಸಾಲದೇನ್ರಿ?”

ಭಗವಂತರಾಯ ತನ್ನ ಅಂಗೈ ನೋಡಿಕೊಂಡ. “ನನಗ ಸಿಟ್ಟಿಲ್ಲವ್ವಾ. ಇತ್ತು, ಹೋತು. ಆದ್ರ ಆ ಪದ ಎತ್ತಿದ್ರ ನನ್ನ ಕಿವ್ಯಾಗ ಮೊದಲ ಆ ಓಟ ಬರ್ತದ, ಆ ನಗಿ ಬರ್ತದ. ಯಾರ ಮುಂದರ ಹಲ್ಲು ಕಚ್ಚಿ ಹಾಡ್ತೀನಿ. ಇವನ ಮುಂದ ಹಾಡಾಕ ಹೋಗಿ ನಾನೂ ಓಡಿಸಿದ್ರ? ಅವನ ಮಾರಿ ನೋಡಕೋತ ಓಡಿಸಿದ್ರ?”

ಹಟ ಅಂದುಕೊಂಡದ್ದು ಹಟವಾಗಿರಲಿಲ್ಲ. ಅವಳು ತಿರುಗಿ ಬಂದಳು.

“ದೇವಿಕಾ, ಅಟ್ಟದ ಮ್ಯಾಗಿನ ಟೇಪ್ ಇಳಸು. ಅವನ ಪದ ಅವನ ಹಾಡ್ಲಿ.”

“ಯವ್ವಾ! ಮಂದಿ ನಗ್ತಾರ.”

“ನಗ್ಲಿ. ಪದ ಇಲ್ದ ಈ ಬಾಗಿಲದಿಂದ ಹೆಣ ಎತ್ತಿಲ್ಲ, ಎತ್ತೂದೂ ಇಲ್ಲ.”

ನವಾಜನ ಆಟೋದ ಟೇಪು ಮೊನ್ನೆ ಕೆಟ್ಟಿತ್ತು; ಅವನು ಮೊಬೈಲು ತೆಗೆದ. ಅದರಲ್ಲಿ ಇದ್ದದ್ದು ಎ ಸೈಡಿನ ಬಂಡಿಯ ಹಾಡೊಂದೇ. ಟೇಪಿಗೆ ಹಚ್ಚೋಣವೆಂದರೆ ಬೆಳಗಿನಿಂದ ಕರೆಂಟಿಲ್ಲ. ಖಾಜಾಬೀ ಮೂಲೆಯಲ್ಲಿದ್ದ ಬಸವಂತ್ರಾಯನ ಉದ್ದ ಬ್ಯಾಟರಿಯನ್ನು ತಂದು, ಬಿಚ್ಚಿ, ಒಳಗಿನ ದಪ್ಪ ಶೆಲ್ಲುಗಳನ್ನು ಉಡಿಯಲ್ಲಿ ಸುರಿದುಕೊಂಡಳು. ಅವನು ಹಾಸಿಗೆ ಹಿಡಿದಂದಿನಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಬಾಲರಾಜ ಅವನ್ನು ಸೀರೆಯ ಚೂರಿಗೆ ತಿಕ್ಕಿ ಟೇಪಿನ ಹೊಟ್ಟೆಗೆ ತುಂಬಿದ. ದೇವಿಕಾ ಕ್ಯಾಸೆಟ್ ಹಾಕಿ, ಕಣ್ಣು ಮುಚ್ಚಿ, ಗುಂಡಿ ಒತ್ತಿದಳು.

ಮೊದಲು ಒಂದು ಗೊರಗೊರ ಸದ್ದು. ಆಮೇಲೆ ಬೆಂಜೋದ ಒಂದೇ ಮೀಟು, ತುಂಬಿದ ಕೊಡಕ್ಕೆ ಬೆರಳು ಬಡಿದಂತೆ. ಆಮೇಲೆ ದನಿ.

*ಏಳಯ್ಯ ಹಗುರಾಗಿ… ಹೊತ್ತದ್ದ ಇಳಿಸಿಟ್ಟು…*

“ಶೆಲ್ ಸತ್ತಾವ,” ಎಂದ ನವಾಜ್. “ಎಳ್ಯಾಕತ್ತದ. ತಡೀರಿ, ಅಂಗಡಿಯಿಂದ ಹೊಸಾವು ತರ್ತೀನಿ.” ಟೇಪು ಬಂದ್ ಮಾಡಲು ಕೈ ಚಾಚಿದ.

“ಮುಟ್ಟಬ್ಯಾಡ!”

ಕೂಗು ಬಂದದ್ದು ಕಟ್ಟೆಯಿಂದ. ಭಗವಂತರಾಯ ಎದ್ದು ನಿಂತಿದ್ದ.

ಟೇಪಿನ ದನಿ ಹುಡುಗಿಯದಾಗಿರಲಿಲ್ಲ. ಎದೆಯ ತಳದಿಂದ ಬಂದ ಗಂಡುದನಿ; ಬಸವಂತ್ರಾಯನದೇ. ಸಾಲಿಗೂ ಸಾಲಿಗೂ ನಡುವೆ ಒಂದು ಹೆಜ್ಜೆಯಷ್ಟು, ಒಂದು ಉಸಿರಿನಷ್ಟು ಬಯಲು. ಸರದಾರಸಾಬನ ಬೆರಳು ತಾವಾಗಿಯೇ ನೆಲದ ಮೇಲೆ ತಾಳ ಹಿಡಿದವು. ಟೇಪಿನೊಳಗಿನ ಢೋಲಕಿಯೂ ನೆಲದ ಮೇಲಿನ ಬೆರಳೂ ಒಂದೇ ಕಡೆ ಬಿದ್ದವು.

“ಇದ ನೋಡ್ರಿ ನನ್ನ ಕೈ!” ಎಂದ ಅವನು. “ನಾ ಬಾರಿಸಿದ್ದು ಹಿಂಗ. ಟೇಪಿನ್ಯಾಗ ಓಡೂದ ಕೇಳಿ ನಾನೂ ಓಡಿಸೀನಿ ಅಂತನ ತಿಳಿದಿದ್ನಿ. ಯಾ ಅಲ್ಲಾ… ಯಂಕಮ್ಮಕ್ಕ, ಅವತ್ತ ಯಾದಗಿರ್ಯಾಗ ಎ ಸೈಡ್ ಮುಗೀತು, ಕರೆಂಟ್ ಹೋತು. ಬಿ ಸೈಡ್ ಶೆಲ್ ಹಾಕಿ ತುಂಬಿದ್ರು. ಹಳೇ ಶೆಲ್. ಇವತ್ತಿನಾಂಗ ಸಾಯಾಕ ಬಂದಿದ್ವು.”

ಬಾಲರಾಜನಿಗೆ ಹೊಳೆಯಿತು. “ಹಂಗಾರ ತುಂಬೂ ಮುಂದ ಮಷಿನ್ ಮೆಲ್ಲಕ ತಿರಗೇದ. ಮೆಲ್ಲಕ ತುಂಬಿದ್ದನ್ನ ಕರೆಂಟಿಗೆ ಹಚ್ಚಿ ಜೋರ ತಿರಗಿಸಿದ್ರ ಪದ ಓಡ್ತದ, ದನಿ ಸಣ್ಣ ಆಗ್ತದ. ಇಷ್ಟ ವರ್ಷ ನಾವು ಕೇಳಿದ್ದು ಅದನ್ನ.”

“ಅಂದ್ರ,” ಯಂಕಮ್ಮ ಟೇಪಿನ ಕಡೆ ಬಾಗಿದಳು, “ಅವ ಓಡಿಸಿದ್ದಿಲ್ಲ?”

“ಇಲ್ಲಕ್ಕ,” ಎಂದ ಸರದಾರಸಾಬ. “ಅಂಜಿದ್ದೂ ಇಲ್ಲ. ಮಷಿನ್ ಓಡಿಸೇದ.”

ಬೆಳಗಿನಿಂದ ಬಾರದಿದ್ದ ಅಳು ಆಗ ಬಂತು. ಅದು ದುಃಖದ ಹಾಗೆ ಬರಲಿಲ್ಲ. ಬಿಗಿ ಹಿಡಿದ ವಾಲು ಕಡೆಗೂ ಸಡಿಲಾಗಿ ಖಾಲಿ ನಳಕ್ಕೆ ನೀರು ಬಂದ ಹಾಗೆ, ಮೊದಲು ಗಾಳಿ, ಆಮೇಲೆ ಧಾರೆ. ಅವಳು ಗಂಡನ ತಣ್ಣನೆಯ ಪಾದ ಹಿಡಿದುಕೊಂಡು, “ಕೇಳಾಕತ್ತಿಯೇನು? ನೀ ಸರಿ ಇದ್ದಿ. ಕೇಳು, ನೀ ಸರಿ ಇದ್ದಿ,” ಅಂತ ಹೇಳುತ್ತಲೇ ಹೋದಳು. ದೇವಿಕಾ ತಾಯಿಯ ಬೆನ್ನಿಗೆ ಮುಖ ಒತ್ತಿ ಅಳುತ್ತಿದ್ದಳೋ ನಗುತ್ತಿದ್ದಳೋ ಗೊತ್ತಾಗಲಿಲ್ಲ.

“ಆದ್ರೂ ನನಗ ಓಡೂದ ಚೊಲೊ ಅನಸ್ತಿತ್ತು ನೋಡ್ರಿ,” ಎಂದು ನವಾಜ್ ಗೊಣಗಿದ. ಖಾಜಾಬೀ ಅವನ ತೋಳಿಗೆ ಒಂದು ಬಿಟ್ಟಳು.

ಭಗವಂತರಾಯ ಹಾದಿ ದಾಟಿ ಬಂದಿದ್ದ. ತಮ್ಮನ ಮುಖಕ್ಕೆ ಮುಖ ಕೊಟ್ಟು ನೆಲಕ್ಕೆ ಕುಳಿತ. “ಅಪ್ಪನ ನಡಿಗಿ,” ಎಂದ ಮೆಲ್ಲಗೆ. “ಒಂದು ಕೂದಲೆಳಿ ಅತ್ತಿತ್ತ ಆಗಿಲ್ಲಲ್ಲೋ, ತಮ್ಮಾ. ನಾ ನಕ್ಕವ್ರ ಮಾತು ಕೇಳಿದ್ನಿ, ನಿನ್ನ ಕೇಳಲಿಲ್ಲ.”

ಟೇಪಿನ ಚಕ್ರಗಳು ಸೋಲತೊಡಗಿದವು. ದನಿ ಇನ್ನೂ ಕೆಳಗಿಳಿಯಿತು, ಎಳೆಯಿತು. *ಹೊಸಿಲಾಚೆ ಬಯ…* ಅಂದು, ಅಲ್ಲಿಗೆ ನಿಂತಿತು.

*ಬಯಲೊಂದು ಕಾದೈತೆ,* ಎಂದು ಭಗವಂತರಾಯ ಸಾಲು ಮುಗಿಸಿದ. ದನಿ ಮುದಿಯದು, ಬಿರುಕು ಬಿಟ್ಟದ್ದು, ಆದರೆ ಓಡಲಿಲ್ಲ. ಬಾಲರಾಜನ ತಾಳ ಕೂಡಿತು. ಹಾರ್ಮೋನಿಯಂ ತರಲು ಯಾರೋ ಹೋದರು. ತರುವಷ್ಟರಲ್ಲಿ ಪದ ನಡುವಿಗೆ ಬಂದಿತ್ತು, ಅದು ಬೇಕಾಗಲೂ ಇಲ್ಲ.

ಹೆಣ ಎತ್ತಿದರು. ಮುಂದಿನ ಹೆಗಲು ಒಂದು ಭಗವಂತರಾಯನದು, ಇನ್ನೊಂದು ಸರದಾರಸಾಬನದು. ಹಾಡುತ್ತಲೇ ಹೊತ್ತರು, ಹೊತ್ತುಕೊಂಡೇ ಹಾಡಿದರು. ಯಂಕಮ್ಮ ಹೊಸ್ತಿಲಲ್ಲಿ ನಿಂತು ನೋಡಿದಳು. ಓಣಿಯ ಕೋಳಿಗಳು ಎರಚಿದ ಮಂಡಕ್ಕಿಗೆ ಮುತ್ತಿದ್ದವು. ಹೊತ್ತವರ ಕಾಲು ಅವುಗಳ ನಡುವೆಯೇ ಒಂದೊಂದಾಗಿ ಎದ್ದು, ನಿಂತು, ಇಳಿದವು. ಒಂದು ಕೋಳಿಯೂ ಹಾರಲಿಲ್ಲ. ಕಾಲಿಗೆ ಅಷ್ಟಷ್ಟೇ ಜಾಗ ಬಿಟ್ಟು, ಹೆಕ್ಕುತ್ತಲೇ ಇದ್ದವು.