ಬಾಗಿಲು ಮೂಡಲಿಗೆ

ನಮ್ಮ ಟಶೀನಾ ಮೊದಲ ಓಟು ಹಾಕಲು ಹೊರಟ ದಿನ ಅಜ್ಜಿಯ ನೀಲಿಕಲ್ಲಿನ ಸರ ಅವಳ ಕೊರಳಿಗೆ ಬಂತು. ಅಜ್ಜಿ ಎಂದರೆ ನನ್ನ ತಾಯಿ ಬೆಸ್ಸಿ. ಟಶೀನಾ ನನ್ನ ಅಕ್ಕನ ಮಗಳು. ನನ್ನ ಮದುವೆಯಲ್ಲೂ ಆ ಸರವನ್ನು ನನಗೆ ಮುಟ್ಟಲು ಕೊಟ್ಟಿರಲಿಲ್ಲ. ಇರಲಿ.

ದಾರಿಯ ಕೆಸರಿನಲ್ಲಿ ನನ್ನ ಪಿಕಪ್ ಗಾಡಿ ಹೂತುಕೊಂಡಿತು. ಅಜ್ಜಿ ಒಳಗೆ ಕೂತು ಬೈದಳು, ನಾವಿಬ್ಬರೂ ತಳ್ಳಿದೆವು. ಮಳೆ ಬಂದರೆ ಶಾಲೆಯ ಬಸ್ಸು ನಮ್ಮ ಕಡೆ ತಲೆ ಹಾಕುವುದಿಲ್ಲ. ಟಶೀನಾ ಕೆಸರು ತುಳಿದೇ ಓದಿದವಳು, ಈಗ ಅವಳ ತಮ್ಮನ ಸರದಿ. ಈ ದಾರಿಗೆ ಜಲ್ಲಿ ಹಾಕಿಸುತ್ತೇನೆ ಎಂದ ಹೆಂಗಸೊಬ್ಬಳು ಜಿಲ್ಲಾ ಮಂಡಳಿಗೆ ನಿಂತಿದ್ದಳು. ಹುಡುಗಿಯ ಓಟು ಯಾರಿಗೆಂದು ನಮ್ಮ ಕುರಿಗಳಿಗೂ ಗೊತ್ತಿತ್ತು.

ಊರ ಸಭಾಮನೆಯೇ ಮತಗಟ್ಟೆ. ಹೊರಗೆ ಕುರಿಸಾರು ಕುದಿಯುತ್ತಿತ್ತು, ಕರಿದ ರೊಟ್ಟಿಯ ಘಮ ಮೂಗಿಗೆ ಬಡಿಯುತ್ತಿತ್ತು. ಒಳಗೆ ಮೇಜಿನ ಹಿಂದೆ ಲೀಲ್ಯಾಂಡ್ ಎಂಬ ನರೆತ ಜಡೆಯ ಮನುಷ್ಯ. ನಾವು ನವಾಹೋ ಬುಡಕಟ್ಟಿನವರು ಹೊಸಬರನ್ನು ಕಂಡಾಗ ಮೊದಲು ತಾಯಿಯ ಕುಲ ಹೇಳುತ್ತೇವೆ, ಆಮೇಲೆ ತಂದೆಯದು. ಟಶೀನಾ ಹೇಳಿದಳು, ಅವನೂ ಹೇಳಿದ. ಅವಳ ತಾಯಿಯದೂ ಅವನ ತಂದೆಯದೂ ಒಂದೇ ಕುಲ!

"ಅಯ್ಯೋ, ನೀವು ನಂಗೆ ಸೋದರತ್ತೆ ಆಗ್ಬೇಕು!" ಎಂದು ಲೀಲ್ಯಾಂಡ್ ಎದ್ದು ನಿಂತ. "ಕೂತ್ಕೊಳ್ಳಿ ಅತ್ತೆ."

ಹದಿನೆಂಟರ ಅತ್ತೆ, ಹಣ್ಣುಗೂದಲಿನ ಅಳಿಯ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆದರೆ ಕಂಪ್ಯೂಟರ್ ನೋಡುತ್ತಾ ಅಳಿಯನ ಮುಖ ಇಳಿಯಿತು.

"ಅತ್ತೆ, ನಿಮ್ಮ ಹೆಸರು ಇಲ್ಲಿಲ್ಲ. ಹಳ್ಳದಾಚೆ ಮತಗಟ್ಟೇಲಿದೆ."

"ಹಳ್ಳದಾಚೆ ನಮ್ಮ ಕುರೀನೂ ಹೋಗಲ್ಲ!" ಎಂದಳು ಟಶೀನಾ.

ಹಳ್ಳ ತುಂಬಿ ಹರಿಯುತ್ತಿತ್ತು. ಸುತ್ತು ಬಳಸಿ ಹೋಗುವಷ್ಟರಲ್ಲಿ ಅಲ್ಲಿ ಮತದಾನ ಮುಗಿದಿರುತ್ತದೆ. ನನ್ನ ಪಿತ್ತ ನೆತ್ತಿಗೇರಿತು.

"ನಮ್ಮನೇನ ಹಳ್ಳ ದಾಟ್ಸಿದೋನು ಯಾವನೋ?"

"ದೊಡ್ಡತ್ತೆ, ಬೈಬೇಡಿ. ಬೆಳಗ್ಗೆಯಿಂದ ಎಷ್ಟೋ ಹುಡುಗ್ರನ್ನ ಹಿಂಗೇ ವಾಪಸ್ ಕಳ್ಸಿದೀನಿ, ನಂಗೂ ಹೊಟ್ಟೆ ಉರೀತಿದೆ. ಹಂಗಂತ ಅತ್ತೆ ಅಂದ್ಕೊಂಡು ಓಟು ಹಾಕ್ಸಕ್ಕಾಗುತ್ತಾ?"

ಆದರೂ ಜಿಲ್ಲಾ ಕಚೇರಿಗೆ ಫೋನು ಮಾಡಿದ. ನಮ್ಮಲ್ಲಿ ಮನೆಗಳಿಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ. ಹೆಸರು ಸೇರಿಸುವಾಗ ಮನೆ ಎಲ್ಲಿದೆಯೆಂದು ನಕ್ಷೆ ಬರೆದು ಕೊಡಬೇಕು. ಟಶೀನಾ ಬರೆದದ್ದನ್ನು ಕಚೇರಿಯವರು ಅವನ ಕಂಪ್ಯೂಟರಿಗೆ ಕಳಿಸಿದರು. ಕೆಳಗೆ ಸಭಾಮನೆ, ನಡುವೆ ಗಾಳಿಯಂತ್ರ, ಮೇಲೆ ನಮ್ಮ ಮನೆ.

"ಮೇಲೆ ಅಂದ್ರೆ ಉತ್ತರ ಅಲ್ವಾ? ಉತ್ತರಕ್ಕೆ ಹೋದ್ರೆ ಹಳ್ಳದಾಚೆ," ಎಂದಳು ಫೋನಿನಲ್ಲಿದ್ದ ಹೆಂಗಸು.

ಅಜ್ಜಿ ಕನ್ನಡಕ ಏರಿಸಿದಳು. "ಎಲ್ಲಿ ಕೂತು ಬರೆದ್ಯೇ?"

"ಬಾಗಿಲಲ್ಲಿ. ಎದುರಿಗಿರೋದು ಮೇಲೆ, ಬೆನ್ನ ಹಿಂದಿರೋದು ಕೆಳಗೆ ಬರ್ಬೇಕಲ್ವಾ ಅಜ್ಜಿ?"

"ಲೀಲ್ಯಾಂಡ್, ನಿಮ್ಮನೆ ಬಾಗಿಲು ಯಾವ ಕಡೆಗೋ?"

"ಮೂಡಲಿಗೆ. ಎಲ್ಲರದೂ ಮೂಡಲಿಗೇ..." ಅವನು ಥಟ್ಟನೆ ನಕ್ಷೆಯತ್ತ ತಿರುಗಿದ.

ಅಜ್ಜಿ ಕಂಪ್ಯೂಟರನ್ನೇ ಎತ್ತಿ ಬಲಕ್ಕೆ ವಾಲಿಸಿದಳು. ನಮ್ಮ ಮನೆ ಹಳ್ಳ ಬಿಟ್ಟು ಸಭಾಮನೆಯ ಮೂಡಲಿಗೆ ಬಂದು ಕೂತಿತು.

"ಬಲಕ್ಕೆ ತಿರುಗಿಸಿ ನೋಡಿಯಮ್ಮ," ಎಂದು ಲೀಲ್ಯಾಂಡ್ ಫೋನಿನಲ್ಲಿ ಕೂಗಿದ. "ನಮ್ಮ ಹುಡುಗ್ರು ಬರೆದಿರೋದನ್ನೆಲ್ಲಾ ತಿರುಗಿಸಿ!"

ಆ ಕಡೆ ಕಂಪ್ಯೂಟರಿನ ಟಕಟಕ. ಆಮೇಲೆ ಒಂದು ನಿಟ್ಟುಸಿರು, ಒಂದು ನಗು. "ಎಲ್ಲಾ ಈಚೆಗೇ ಬರ್ತಿವೆ ಕಣ್ರೀ. ಸ್ವಲ್ಪ ತಾಳಿ, ಸರಿ ಮಾಡ್ತೀನಿ."

ಟಶೀನಾ ಓಟು ಹಾಕಿ ಹೊರಬಂದಾಗ ನನಗೆ ಅಳು ತಡೆಯಲಾಗಲಿಲ್ಲ. ಅಜ್ಜಿಯ ತಾಯಿಯನ್ನು, ಇಂಡಿಯನ್ನರಿಗೆ, ಅಂದರೆ ನಮ್ಮಂಥ ಮೂಲನಿವಾಸಿಗಳಿಗೆ, ಓಟಿಲ್ಲ ಎಂದು, ಹೀಗೊಂದು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದರು.

"ಚಿಕ್ಕಮ್ಮ, ಗಾಡಿ ಕೀ ಕೊಡು."

"ಮೊದ್ಲು ರೊಟ್ಟಿ ತಿನ್ನೇ!"

"ವಾಪಸ್ ಹೋದೋರೆಲ್ಲ ಮನೇಲಿ ಕೂತಿದಾರೆ."

ರೊಟ್ಟಿ ಬಾಯಲ್ಲಿ ಕಚ್ಚಿಕೊಂಡೇ ಹೋದಳು. ಹೊತ್ತು ಇಳಿಯುವ ಮುಂಚೆ ಗಾಡಿ ಬಂತು. ಹಿಂದುಗಡೆ ಹುಡುಗ ಹುಡುಗಿಯರು ಕಿಕ್ಕಿರಿದು ನಿಂತು ಹಾಡುತ್ತಿದ್ದರು. ತಳ್ಳಿ ತಳ್ಳಿ ಮೊಣಕಾಲಿನವರೆಗೂ ಕೆಸರು.

ಲೀಲ್ಯಾಂಡ್ ಬಾಗಿಲಿಗೆ ಬಂದು ಟೋಪಿ ತೆಗೆದ. "ಬನ್ನಿ ಅತ್ತೆ. ನಿಮ್ಮ ದಂಡಿನ ಮನೆಗಳೆಲ್ಲ ಈಚೆ ದಡಕ್ಕೆ ಬಂದಾಯ್ತು."

ಟಶೀನಾ ಇಳಿದಳು. ನೀಲಿಕಲ್ಲಿನ ಸರವೆಲ್ಲ ಕೆಸರು. ಅವಳು ಹೆದರಿ ಅದನ್ನು ಬಿಚ್ಚಲು ಹೋದಾಗ ಅಜ್ಜಿ ಅವಳ ಕೈ ಹಿಡಿದಳು.

"ಇರ್ಲಿ ಬಿಡೇ. ಅದು ನಿಂದೇ."